ಪೋರ್ಚುಗಲ್, ಸ್ಪೇನ್, ಗ್ರೀಸ್: ನಿವೃತ್ತಿಗೆ ಯಾವ ಕಡಲತೀರ?

ದಕ್ಷಿಣ ಯೂರೋಪಿನ ಬಿಸಿಲಿನ ಕಡಲತೀರದಲ್ಲಿ ನಿವೃತ್ತ ಜೀವನ ನಡೆಸುವ ಬಗ್ಗೆ ನನ್ನನ್ನು ವಿಚಾರಿಸುವ ಕನ್ನಡಿಗರಲ್ಲಿ ಎರಡು ಬಗೆಯವರಿದ್ದಾರೆ. ಇಂಗ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದು, ಅಲ್ಲಿನ ಚಳಿ ಮೋಡ ಸಾಕೆನಿಸಿದರೂ ಮಕ್ಕಳು ಅಲ್ಲೇ ನೆಲೆಸಿರುವುದರಿಂದ ಪೂರ್ತಿಯಾಗಿ ಊರಿಗೆ ಮರಳಲು ಮನಸ್ಸಾಗದವರು ಮೊದಲನೆಯವರು. ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನಿವೃತ್ತರಾಗಿ, ಯೂರೋಪಿನಲ್ಲಿರುವ ಮಗಳ ಅಥವಾ ಮಗನ ಮನೆಗೆ ಎರಡು ಮೂರು ಗಂಟೆಯ ವಿಮಾನ ಪ್ರಯಾಣದಷ್ಟು ಹತ್ತಿರವಿರಬೇಕು, ಆದರೆ ಅವರ ಮನೆಯಲ್ಲೇ ಇರುವುದು ಬೇಡ ಎಂದುಕೊಳ್ಳುವವರು ಎರಡನೆಯವರು. ಇಬ್ಬರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಅಗ್ಗ?

ಈ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುತ್ತದೆ, ಆದರೆ ಅದೊಂದನ್ನೇ ನಂಬಿ ಹೊರಟವರು ಎರಡನೇ ವರ್ಷದಲ್ಲಿ ಪೇಚಿಗೆ ಸಿಲುಕುತ್ತಾರೆ. ಅಲ್ಲಿನ ಜನವರಿ ತಿಂಗಳು ಹೇಗಿರುತ್ತದೆ, ಎಪ್ಪತ್ತು ದಾಟಿದ ಮೇಲೆ ವೈದ್ಯರು ಹೇಗೆ ಸಿಗುತ್ತಾರೆ, ಊರಿನಲ್ಲಿರುವ ಮನೆ, ಸೈಟು, ಠೇವಣಿಗಳನ್ನು ಆ ದೇಶದ ತೆರಿಗೆ ಇಲಾಖೆ ಹೇಗೆ ನೋಡುತ್ತದೆ ಎಂಬ ಮೂರು ವಿಷಯಗಳನ್ನು ತೂಗಿ ನೋಡಿದ ಮೇಲೆ ಬಾಡಿಗೆಯ ಲೆಕ್ಕಕ್ಕೆ ಬರುವುದು ಸರಿಯಾದ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ. ಆದರೂ ವೀಸಾ ಸಿಗದಿದ್ದರೆ ಉಳಿದ ಯಾವ ಮಾತಿಗೂ ಅರ್ಥವಿಲ್ಲವಾದ್ದರಿಂದ ಆದಾಯದ ಮಿತಿಯಿಂದಲೇ ಆರಂಭಿಸುತ್ತೇನೆ.

ಹೊಸ್ತಿಲಿನ ಎತ್ತರ

ಮೂರೂ ದೇಶಗಳಲ್ಲಿ, ದುಡಿಯದೆ ಬರುವ ಆದಾಯದ ಮೇಲೆ, ಎಂದರೆ ಪಿಂಚಣಿ, ಬಾಡಿಗೆ, ಡಿವಿಡೆಂಡುಗಳ ಮೇಲೆ ಬದುಕುವವರಿಗೆಂದೇ ಪ್ರತ್ಯೇಕ ವೀಸಾ ಇದೆ. ಪೋರ್ಚುಗಲ್‌ನಲ್ಲಿ ಅದನ್ನು ಡಿ7 ಎನ್ನುತ್ತಾರೆ. ಅಲ್ಲಿನ ಕನಿಷ್ಠ ವೇತನವೇ ಅದಕ್ಕೆ ಅಳತೆಗೋಲು. 2025ರಲ್ಲಿ ಅದು ತಿಂಗಳಿಗೆ 870 ಯೂರೋ ಇತ್ತು, ಸಂಗಾತಿಗೆ ಅದರ ಅರ್ಧ ಸೇರುತ್ತದೆ, ಹಾಗಾಗಿ ಆ ವರ್ಷ ದಂಪತಿಗೆ 1,305 ಯೂರೋ. ಸ್ಪೇನ್‌ನ ವೀಸಾ, ಅಲ್ಲಿನ ಸರ್ಕಾರ ಪ್ರತಿವರ್ಷ ನಿಗದಿ ಮಾಡುವ ಆದಾಯ ಸೂಚ್ಯಂಕದ ನಾಲ್ಕು ಪಟ್ಟನ್ನು ಕೇಳುತ್ತದೆ. ಆ ಸೂಚ್ಯಂಕ 600 ಯೂರೋ ಇರುವುದರಿಂದ ಒಬ್ಬರಿಗೆ 2,400, ದಂಪತಿಗೆ 3,000 ಯೂರೋ ಆಗುತ್ತದೆ. ಗ್ರೀಸ್ 2024ರಲ್ಲಿ ತನ್ನ ಮಿತಿಯನ್ನು 2,000ದಿಂದ 3,500 ಯೂರೋಗೆ ಏರಿಸಿತು; ಸಂಗಾತಿಗೆ ಶೇ. 20 ಸೇರಿದರೆ 4,200 ಯೂರೋ.

ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೆ, 2025ರ ಮಿತಿಗಳಂತೆ ದಂಪತಿಯ ತಿಂಗಳ ಆದಾಯ ಪೋರ್ಚುಗಲ್‌ಗೆ 1,30,500, ಸ್ಪೇನ್‌ಗೆ 3,00,000, ಗ್ರೀಸ್‌ಗೆ 4,20,000 ರೂಪಾಯಿ ಇರಬೇಕಿತ್ತು. ತಿಂಗಳಿಗೆ 75,000 ಪಿಂಚಣಿಯೂ ಮಹಡಿ ಮನೆಯ ಬಾಡಿಗೆಯಿಂದ 40,000ವೂ ಬರುವ ಬೆಂಗಳೂರಿನ ಕುಟುಂಬ ಪೋರ್ಚುಗಲ್‌ನ ಆ ಮಿತಿಗೂ ಹದಿನೈದು ಸಾವಿರ ಕಡಿಮೆ ಬೀಳುತ್ತದೆ. ಅಂಥವರು ಠೇವಣಿಯ ಬಡ್ಡಿಯನ್ನೋ ಮ್ಯೂಚುವಲ್ ಫಂಡಿನಿಂದ ಬರುವ ನಿಯಮಿತ ಮೊತ್ತವನ್ನೋ ಸೇರಿಸಿ ತೋರಿಸಬೇಕಾಗುತ್ತದೆ. ಇದರ ಜೊತೆಗೆ ಪೋರ್ಚುಗಲ್‌ನ ಬ್ಯಾಂಕೊಂದರಲ್ಲಿ ಸುಮಾರು ಒಂದು ವರ್ಷಕ್ಕೆ ಸಾಲುವಷ್ಟು ಉಳಿತಾಯವನ್ನೂ ಸಾಮಾನ್ಯವಾಗಿ ಕೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕು. 2015ರಲ್ಲಿ ಪೋರ್ಚುಗಲ್‌ನ ಕನಿಷ್ಠ ವೇತನ 505 ಯೂರೋ ಇತ್ತು, ಒಂದು ಯೂರೋಗೆ 70 ರೂಪಾಯಿಯ ಆಸುಪಾಸಿನ ದರವಿತ್ತು. ಎಂದರೆ ಒಬ್ಬರ ಮಿತಿ ಸುಮಾರು 35,000 ರೂಪಾಯಿ. ಹತ್ತು ವರ್ಷಗಳ ಬಳಿಕ ಅದೇ ಮಿತಿ 87,000 ರೂಪಾಯಿ. ಅಲ್ಲಿನ ವೇತನ ಏರಿತು, ಇಲ್ಲಿನ ರೂಪಾಯಿ ಇಳಿಯಿತು, ಎರಡೂ ಸೇರಿ ಹೊಸ್ತಿಲು ಎರಡೂವರೆ ಪಟ್ಟು ಎತ್ತರವಾಯಿತು. ಅಲ್ಲಿನ ವಾಸದ ಪರವಾನಗಿಯನ್ನು ನವೀಕರಿಸುವಾಗಲೂ ಆದಾಯವನ್ನು ಮತ್ತೆ ತೋರಿಸಬೇಕಾದ್ದರಿಂದ, ರೂಪಾಯಿಯಲ್ಲಿ ಮಾತ್ರ ಆದಾಯವಿರುವವರು ಇವತ್ತಿನ ಮಿತಿಗೆ ಸರಿಯಾಗಿ ಸಾಲುವಷ್ಟಿದೆ ಎಂದು ಹೊರಡಬಾರದು. ಕನಿಷ್ಠ ಒಂದೂವರೆ ಪಟ್ಟಾದರೂ ಇರಬೇಕು. ತುಟ್ಟಿಭತ್ಯೆ ಹಣದುಬ್ಬರದ ಒಂದು ಭಾಗವನ್ನು ತುಂಬುತ್ತದೆ, ವಿನಿಮಯ ದರದ ಇಳಿತವನ್ನು ತುಂಬುವುದಿಲ್ಲ.

ಪೌಂಡ್ ಅಥವಾ ಯೂರೋದಲ್ಲಿ ಪಿಂಚಣಿ ಬರುವವರಿಗೆ ಈ ಭಯ ಕಡಿಮೆ. ಇಂಗ್ಲೆಂಡಿನಲ್ಲಿ ದುಡಿದವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅಲ್ಲಿನ ಸರ್ಕಾರ ಕೊಡುವ ವೃದ್ಧಾಪ್ಯ ಪಿಂಚಣಿ, ಪಡೆಯುವವರು ಭಾರತದಲ್ಲಿ ನೆಲೆಸಿದರೆ ಆ ದಿನದ ಮೊತ್ತಕ್ಕೇ ನಿಂತುಬಿಡುತ್ತದೆ, ವರ್ಷವರ್ಷ ಏರುವುದಿಲ್ಲ. ಪೋರ್ಚುಗಲ್, ಸ್ಪೇನ್, ಗ್ರೀಸ್‌ಗಳಲ್ಲಿ ನೆಲೆಸಿದರೆ ಏರುತ್ತಲೇ ಇರುತ್ತದೆ. ಮೈಸೂರೋ ಸ್ಪೇನ್‌ನ ಮಾಲಗಾವೋ ಎಂದು ತೂಗುತ್ತಿರುವವರು ಹದಿನೈದು ವರ್ಷದ ಲೆಕ್ಕ ಹಾಕಿದರೆ ಈ ವ್ಯತ್ಯಾಸ ಸಣ್ಣದಲ್ಲವೆಂದು ಕಾಣುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿರುವ ಕನ್ನಡಿಗರು 2021ರ ಜನವರಿಯಿಂದ ಯೂರೋಪಿನ ಒಕ್ಕೂಟಕ್ಕೆ ಹೊರಗಿನವರೇ ಆಗಿರುವುದರಿಂದ ಅವರಿಗೂ ಇದೇ ವೀಸಾಗಳು ಅನ್ವಯಿಸುತ್ತವೆ.

ಸ್ಪೇನ್‌ನ ವೀಸಾದಲ್ಲಿ ಯಾವ ಕೆಲಸಕ್ಕೂ ಅವಕಾಶವಿಲ್ಲ. ನಿವೃತ್ತಿಯ ನಂತರವೂ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಸಲಹೆಗಾರರಾಗಿ ದುಡಿಯುವ ಇಂಜಿನಿಯರುಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಪೋರ್ಚುಗಲ್‌ನ ಡಿ7 ಪರವಾನಗಿ ಪಡೆದವರಿಗೆ ಈ ನಿರ್ಬಂಧವಿಲ್ಲ.

ಜನವರಿಯ ಪರೀಕ್ಷೆ

ಪೋರ್ಚುಗಲ್‌ನ ದಕ್ಷಿಣ ತೀರವಾದ ಅಲ್ಗಾರ್ವೆಯಲ್ಲಿ ವರ್ಷಕ್ಕೆ ಸುಮಾರು 3,000 ಗಂಟೆ ಬಿಸಿಲು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆ ಬಿಸಿಲು ಮನೆಯ ಒಳಗೆ ಬರುತ್ತದೆಯೇ ಎಂಬುದನ್ನು ಯಾರೂ ಹೇಳುವುದಿಲ್ಲ. ನಾನೂ ನನ್ನ ಹೆಂಡತಿಯೂ ಒಂದು ಜನವರಿಯನ್ನು ಅಲ್ಲಿನ ತವೀರಾ ಎಂಬ ಸಣ್ಣ ಊರಿನಲ್ಲಿ, ಹಳೆಯ ಬಾಡಿಗೆ ಮನೆಯೊಂದರಲ್ಲಿ ಕಳೆದೆವು. ಹೊರಗೆ ಮಧ್ಯಾಹ್ನ ಹದಿನಾರು ಡಿಗ್ರಿ, ಅಂಗಿಯೊಂದರಲ್ಲೇ ನದಿಯ ದಂಡೆಯಲ್ಲಿ ನಡೆಯಬಹುದಾದಷ್ಟು ಹಿತವಾದ ಎಳೆಬಿಸಿಲು. ಒಳಗೆ ಕಾಲಿಟ್ಟರೆ ಹಾಸುಬಿಲ್ಲೆಯ ನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಸ್ನಾನದ ಟವೆಲು ಎರಡು ದಿನವಾದರೂ ಒಣಗುತ್ತಿರಲಿಲ್ಲ. ಬೀರುವಿನ ಹಿಂದೆ ಗೋಡೆಯ ಮೂಲೆಯಲ್ಲಿ ಬೂಷ್ಟು ಕಪ್ಪಗೆ ಹಬ್ಬಿತ್ತು. ರಾತ್ರಿ ಚಕ್ರವಿರುವ ಗ್ಯಾಸ್ ಹೀಟರನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುತ್ತಿದ್ದೆವು. ಬೇಸಿಗೆಯನ್ನು ತಡೆಯಲೆಂದು ಕಟ್ಟಿದ ಮನೆಗಳು ಅವು; ಹಳೆಯ ಕಟ್ಟಡಗಳಲ್ಲಿ ಕೇಂದ್ರೀಯ ತಾಪನ ವ್ಯವಸ್ಥೆ ಅಪರೂಪ. ಮೊಣಕಾಲು ನೋವಿರುವವರಿಗೆ ಆ ಥಂಡಿ ಜರ್ಮನಿಯ ಹಿಮಕ್ಕಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ಜರ್ಮನಿಯ ಮನೆಯೊಳಗೆ ಬೆಚ್ಚಗಿರುತ್ತದೆ.

ಆದ್ದರಿಂದ ಪೋರ್ಚುಗಲ್‌ನಲ್ಲಿ ಮನೆ ನೋಡುವಾಗ ದಕ್ಷಿಣಕ್ಕೆ ಮುಖವಿರುವ, ಎರಡು ಪದರದ ಗಾಜಿನ ಕಿಟಕಿಗಳಿರುವ, ನೆಲಮಹಡಿಯಲ್ಲದ ಮನೆಯನ್ನೇ ಹುಡುಕಬೇಕು. ನಮ್ಮಲ್ಲಿ ಪೂರ್ವಕ್ಕೆ ಬಾಗಿಲಿರುವ ಮನೆಗೆ ಕೊಡುವ ಮಹತ್ವವನ್ನು ಅಲ್ಲಿ ದಕ್ಷಿಣದ ಕಿಟಕಿಗೆ ಕೊಡಬೇಕು. ಲಿಸ್ಬನ್ನಿನ ಉತ್ತರಕ್ಕಿರುವ ಅಟ್ಲಾಂಟಿಕ್ ತೀರ ಬಾಡಿಗೆಯಲ್ಲಿ ಅಗ್ಗವಾದರೂ ಮಂಜು, ತೇವ, ಗಾಳಿ ಹೆಚ್ಚು. ಉಬ್ಬಸವಿರುವವರಿಗೆ ಅದನ್ನು ನಾನು ಹೇಳುವುದಿಲ್ಲ.

ಸ್ಪೇನ್‌ನ ಆಗ್ನೇಯ ತೀರ, ಎಂದರೆ ಅಲಿಕಾಂತೆಯಿಂದ ಮುರ್ಸಿಯಾ ದಾಟಿ ಅಲ್ಮೆರಿಯಾದವರೆಗಿನ ಭಾಗ, ಒಣ ಹವೆಯ ಪ್ರದೇಶ. ಅಲ್ಲಿ ಚಳಿಗಾಲ ಸೌಮ್ಯ, ತೇವ ಕಡಿಮೆ. ಆದರೆ ವರ್ಷದ ಮಳೆಯೆಲ್ಲ ಒಮ್ಮೊಮ್ಮೆ ಒಂದೆರಡು ದಿನಗಳಲ್ಲೇ ಸುರಿಯುವ ಶರತ್ಕಾಲದ ಬಿರುಮಳೆ ಆ ಮೆಡಿಟರೇನಿಯನ್ ತೀರದ ಶಾಪ. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಪ್ರಾಂತದಲ್ಲಿ ಬಂದ ಅಂಥ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಮನೆ ಹಿಡಿಯುವ ಮುನ್ನ ಅದರ ಪಕ್ಕದಲ್ಲಿ ಒಣಗಿದ ಹಳ್ಳವೇನಾದರೂ ಇದೆಯೇ ಎಂದು ನೋಡುವುದು ನಮ್ಮ ಬೆಂಗಳೂರಿನ ರಾಜಕಾಲುವೆಯ ಪಕ್ಕದ ಬಡಾವಣೆಗಳಲ್ಲಿ ಎಷ್ಟು ಮುಖ್ಯವೋ ಅಲ್ಲಿಯೂ ಅಷ್ಟೇ ಮುಖ್ಯ.

ಗ್ರೀಸ್‌ನಲ್ಲಿ ಜನವರಿಯ ಪರೀಕ್ಷೆ ಬೇರೆ ರೀತಿಯದು. ಬೇಸಿಗೆಯಲ್ಲಿ ಚಿತ್ರದಂತೆ ಕಾಣುವ ಸಣ್ಣ ದ್ವೀಪಗಳಲ್ಲಿ ಚಳಿಗಾಲಕ್ಕೆ ಹೋಟೆಲು, ಅಂಗಡಿಗಳೆಲ್ಲ ಬೀಗ ಹಾಕಿಕೊಳ್ಳುತ್ತವೆ. ಗಾಳಿ ಜೋರಾದರೆ ಹಡಗುಗಳನ್ನು ಬಂದರಿನಲ್ಲೇ ನಿಲ್ಲಿಸುತ್ತಾರೆ. ಎದೆನೋವು ಬಂದ ರಾತ್ರಿ ಹಡಗಿಲ್ಲ ಎಂಬ ಸ್ಥಿತಿ ಎಪ್ಪತ್ತರ ವಯಸ್ಸಿಗೆ ಬೇಡ. ವರ್ಷಪೂರ್ತಿ ಜನವಸತಿಯಿರುವ ಕ್ರೀಟ್ ದ್ವೀಪದ ಇರಾಕ್ಲಿಯೋ, ಹನಿಯಾ ಪಟ್ಟಣಗಳು ಅಥವಾ ಮುಖ್ಯ ಭೂಭಾಗದ ಕಲಮಾತಾ ಮಾತ್ರ ವಿಚಾರಕ್ಕೆ ಯೋಗ್ಯ. ಕಾಳ್ಗಿಚ್ಚಿನ ಭಯವನ್ನೂ ಮರೆಯಬಾರದು; 2018ರ ಜುಲೈಯಲ್ಲಿ ಅಥೆನ್ಸ್ ಬಳಿಯ ಮಾತಿ ಎಂಬ ಕಡಲತೀರದ ಊರಿನ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಚಳಿಗಾಲವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಗೆಲ್ಲುವುದು ಈ ಯಾವ ತೀರವೂ ಅಲ್ಲ. ಸ್ಪೇನ್‌ಗೇ ಸೇರಿದ, ಆಫ್ರಿಕಾದ ಪಕ್ಕದಲ್ಲಿರುವ ಕ್ಯಾನರಿ ದ್ವೀಪಗಳು. ಲಾಸ್ ಪಾಲ್ಮಾಸ್ ನಗರದಲ್ಲಿ ಜನವರಿಯಲ್ಲೂ ಹಗಲು ಇಪ್ಪತ್ತು ಡಿಗ್ರಿ ದಾಟುತ್ತದೆ, ರಾತ್ರಿ ಹದಿನೈದರ ಆಸುಪಾಸು, ಎಂದರೆ ಹೆಚ್ಚುಕಡಿಮೆ ಮೈಸೂರಿನ ಚಳಿಗಾಲದ ರಾತ್ರಿ. ದೊಡ್ಡ ಆಸ್ಪತ್ರೆಗಳಿವೆ. ಬಹಳ ಹಿಂದೆಯೇ ಬಂದು ನೆಲೆಸಿದ ಸಿಂಧಿ ವ್ಯಾಪಾರಿ ಕುಟುಂಬಗಳಿರುವುದರಿಂದ ಭಾರತೀಯರು ಅಲ್ಲಿ ಅಪರಿಚಿತರಲ್ಲ. ಸಹಾರದ ಧೂಳು ಆಗಾಗ ಬೀಸಿ ಬರುವುದು ಮತ್ತು ಮಕ್ಕಳಿರುವ ಉತ್ತರ ಯೂರೋಪಿನಿಂದ ವಿಮಾನ ಪ್ರಯಾಣ ನಾಲ್ಕು ಗಂಟೆಗೂ ಮೀರುವುದು ಅದರ ಕೊರತೆಗಳು.

ಊರಿನ ಸೈಟು, ಅಲ್ಲಿನ ತೆರಿಗೆ

ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಇದ್ದರೆ ಈ ಮೂರೂ ದೇಶಗಳು ನಿಮ್ಮನ್ನು ತಮ್ಮ ತೆರಿಗೆಯ ನಿವಾಸಿಯೆಂದು ಪರಿಗಣಿಸಿ ಜಗತ್ತಿನ ಎಲ್ಲೆಡೆಯ ಆದಾಯದ ಲೆಕ್ಕ ಕೇಳುತ್ತವೆ. ಮೂರರ ಜೊತೆಗೂ ಭಾರತಕ್ಕೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದೆ. ಇಂಥ ಒಪ್ಪಂದಗಳಲ್ಲಿ ಸರ್ಕಾರಿ ನೌಕರಿಯ ಪಿಂಚಣಿಗೆ ಸಾಮಾನ್ಯವಾಗಿ ಪಿಂಚಣಿ ಕೊಡುವ ದೇಶವೇ ತೆರಿಗೆ ಹಾಕುತ್ತದೆ. ಖಾಸಗಿ ಪಿಂಚಣಿಗೆ ವಾಸಿಸುವ ದೇಶ ಹಾಕುತ್ತದೆ. ನಿವೃತ್ತ ಮುಖ್ಯೋಪಾಧ್ಯಾಯರಿಗೂ ನಿವೃತ್ತ ಸಾಫ್ಟ್‌ವೇರ್ ಅಧಿಕಾರಿಗೂ ಒಂದೇ ಸಲಹೆ ಹೊಂದುವುದಿಲ್ಲವೆಂದು ನಾನು ಹೇಳುವುದು ಇದಕ್ಕೇ.

ಪೋರ್ಚುಗಲ್ ಒಂದು ಕಾಲದಲ್ಲಿ ನಿವೃತ್ತರ ಸ್ವರ್ಗವೆಂದು ಹೆಸರಾದದ್ದು ಅಲ್ಲಿನ ವಿಶೇಷ ತೆರಿಗೆ ವಿನಾಯಿತಿಯಿಂದ. 2009ರಲ್ಲಿ ಬಂದ ಆ ಯೋಜನೆಯಲ್ಲಿ ಹೊರದೇಶದ ಪಿಂಚಣಿಗೆ ಮೊದಲು ತೆರಿಗೆಯೇ ಇರಲಿಲ್ಲ, 2020ರಿಂದ ಶೇ. 10 ಮಾಡಿದರು, 2024ರಿಂದ ಹೊಸಬರಿಗೆ ಬಾಗಿಲು ಮುಚ್ಚಿದರು. ಅದರ ಜಾಗದಲ್ಲಿ ಬಂದ ಹೊಸ ವಿನಾಯಿತಿ ವಿಜ್ಞಾನಿಗಳಿಗೆ ಮತ್ತು ಕೆಲವು ವೃತ್ತಿಪರರಿಗೆ ಮಾತ್ರ, ಪಿಂಚಣಿದಾರರಿಗಿಲ್ಲ. ಹಳೆಯ ಲೇಖನಗಳನ್ನು ಓದಿ ಇನ್ನೂ ಅದೇ ಆಸೆಯಲ್ಲಿರುವವರನ್ನು ಕಂಡಾಗ ನನಗೆ ನಿಜವಾಗಿಯೂ ಕಳವಳವಾಗುತ್ತದೆ. ಇಂದು ಅಲ್ಲಿ ಸಾಮಾನ್ಯ ದರಗಳೇ ಅನ್ವಯ, ಗರಿಷ್ಠ ಶೇ. 48. ಒಂದು ಸಮಾಧಾನವೆಂದರೆ ಸಂಗಾತಿಗೆ, ಮಕ್ಕಳಿಗೆ ಹೋಗುವ ಆಸ್ತಿಯ ಮೇಲೆ ಅಲ್ಲಿ ಉತ್ತರಾಧಿಕಾರದ ತೆರಿಗೆಯಿಲ್ಲ.

ಸ್ಪೇನ್‌ನಲ್ಲಿ ಆದಾಯ ತೆರಿಗೆಯ ಜೊತೆಗೆ ಸಂಪತ್ತಿನ ತೆರಿಗೆಯೂ ಇದೆ, ಮತ್ತು ನಿವಾಸಿಗಳ ಮಟ್ಟಿಗೆ ಅದು ಜಗತ್ತಿನ ಎಲ್ಲ ಆಸ್ತಿಯನ್ನೂ ಎಣಿಸುತ್ತದೆ.  ಕೈಗೆ ಒಂದು ಪೈಸೆ ಆದಾಯ ತರದ ಬೆಂಗಳೂರಿನ ಖಾಲಿ ಸೈಟೂ ಲೆಕ್ಕಕ್ಕೆ ಬರುತ್ತದೆ. ದೇಶದ ಸಾಮಾನ್ಯ ವಿನಾಯಿತಿ ತಲಾ 7,00,000 ಯೂರೋ, ಆದರೆ ಪ್ರಾಂತಗಳು ತಮ್ಮದೇ ನಿಯಮ ಮಾಡಿಕೊಂಡಿವೆ: ಮಾಲಗಾ, ಅಲ್ಮೆರಿಯಾಗಳಿರುವ ಆಂದಲೂಸಿಯಾ 2022ರಿಂದ ಈ ತೆರಿಗೆಗೆ ಪೂರ್ಣ ರಿಯಾಯಿತಿ ಕೊಟ್ಟಿದೆ, ಅಲಿಕಾಂತೆ ಇರುವ ವಲೆನ್ಸಿಯಾ ಪ್ರಾಂತ ಅಷ್ಟು ಉದಾರವಾಗಿಲ್ಲ. ಇದರ ಜೊತೆಗೆ ಹೊರದೇಶದ ಬ್ಯಾಂಕ್ ಖಾತೆ, ಹೂಡಿಕೆ, ಸ್ಥಿರಾಸ್ತಿಗಳಲ್ಲಿ ಯಾವುದಾದರೂ ಒಂದು ವರ್ಗ 50,000 ಯೂರೋ ಮೀರಿದರೆ ಪ್ರತ್ಯೇಕ ಘೋಷಣಾ ಪತ್ರ ಸಲ್ಲಿಸಬೇಕು. ಬೆಂಗಳೂರಿನಲ್ಲಿ ಸ್ವಂತ ಮನೆಯಿರುವ ಹಲವರಿಗೆ ಇದು ಅನ್ವಯಿಸಬಹುದು. ಅಲಿಕಾಂತೆಗೂ ಅಲ್ಮೆರಿಯಾಕ್ಕೂ ಕಾರಿನಲ್ಲಿ ಮೂರು ಗಂಟೆಯ ಅಂತರ. ತೆರಿಗೆಯಲ್ಲಿ ಅದು ಎರಡು ದೇಶಗಳಷ್ಟು ದೂರವಾಗಬಹುದು.

ತೆರಿಗೆಯ ವಿಷಯದಲ್ಲಿ ಮೂವರಲ್ಲಿ ಗ್ರೀಸ್ ಅತ್ಯಂತ ಸರಳ. 2020ರ ಕಾನೂನಿನಂತೆ ಹೊರದೇಶದಿಂದ ಪಿಂಚಣಿ ತರುವವರು ತಮ್ಮ ವಿದೇಶಿ ಆದಾಯದ ಮೇಲೆಲ್ಲ ಶೇ. 7ರ ಒಂದೇ ದರವನ್ನು 15 ವರ್ಷಗಳವರೆಗೆ ಆರಿಸಿಕೊಳ್ಳಬಹುದು. ಹಿಂದಿನ ಆರು ವರ್ಷಗಳಲ್ಲಿ ಐದು ವರ್ಷ ಗ್ರೀಸ್‌ನ ತೆರಿಗೆ ನಿವಾಸಿಯಾಗಿರಬಾರದು, ಅರ್ಜಿಯನ್ನು ಮಾರ್ಚ್ 31ರೊಳಗೆ ಹಾಕಬೇಕು ಎಂಬ ಷರತ್ತುಗಳಿವೆ. ದೊಡ್ಡ ಖಾಸಗಿ ಪಿಂಚಣಿಯಿರುವವರಿಗೆ, ಗ್ರೀಸ್‌ನ ಎತ್ತರದ ಹೊಸ್ತಿಲು ದಾಟಿದ ಮೇಲೆ, ಉಳಿತಾಯವೂ ದೊಡ್ಡದೇ.

ಊರಿನ ಕಡೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಭಾರತದ ನಿವಾಸಿಯೊಬ್ಬರು ವರ್ಷಕ್ಕೆ 2,50,000 ಡಾಲರಿನವರೆಗೆ ಹೊರಗೆ ಕಳುಹಿಸಬಹುದು. ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್ಆರ್‌ಒ ಖಾತೆಯಾಗಿ ಬದಲಿಸಬೇಕು, ಅದರ ಬಡ್ಡಿಯ ಮೇಲೆ ಶೇ. 30ರ ಮೂಲ ತೆರಿಗೆ ಕಡಿತವಾಗುತ್ತದೆ. ಅನಿವಾಸಿಗಳು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣ ತೊಡಗಿಸುವಂತಿಲ್ಲ. ಮನೆಯ ಬಾಡಿಗೆದಾರನೂ ಬಾಡಿಗೆ ಕೊಡುವ ಮುನ್ನ ತೆರಿಗೆ ಮುರಿದುಕೊಳ್ಳಬೇಕು, ಹಾಗಾಗಿ ಬಾಡಿಗೆ ಕರಾರನ್ನು ಹೊರಡುವ ಮೊದಲೇ ತಿದ್ದಿಸಿಡುವುದು ಒಳ್ಳೆಯದು.

ಎಪ್ಪತ್ತರ ನಂತರದ ವೈದ್ಯರು

ಇಂಗ್ಲೆಂಡಿನ ವೃದ್ಧಾಪ್ಯ ಪಿಂಚಣಿ ಪಡೆಯುವವರಿಗೆ ಎಸ್1 ಎಂಬ ಪತ್ರ ಸಿಗುತ್ತದೆ. ಅದನ್ನು ಸ್ಪೇನ್, ಪೋರ್ಚುಗಲ್, ಗ್ರೀಸ್‌ಗಳಲ್ಲಿ ನೋಂದಾಯಿಸಿದರೆ ಆ ದೇಶದ ಸರ್ಕಾರಿ ಆಸ್ಪತ್ರೆಯಲ್ಲಿ ಅಲ್ಲಿನವರಿಗೆ ಸಿಗುವ ಚಿಕಿತ್ಸೆಯೇ ಸಿಗುತ್ತದೆ, ಖರ್ಚನ್ನು ಇಂಗ್ಲೆಂಡ್ ಭರಿಸುತ್ತದೆ. ಯೂರೋಪಿನ ಒಕ್ಕೂಟದ ದೇಶವೊಂದರಿಂದ ಪಿಂಚಣಿ ಪಡೆಯುವವರಿಗೂ ಇದೇ ಬಗೆಯ ಏರ್ಪಾಡಿದೆ. ಅಂಥವರಿಗೆ ಆರೋಗ್ಯದ ಪ್ರಶ್ನೆ ಅರ್ಧಕ್ಕರ್ಧ ಬಗೆಹರಿದಂತೆ. ಅಮೆರಿಕದಲ್ಲಿ ದುಡಿದವರಿಗೆ ಸಿಗುವ ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮಾತ್ರ ಸಾಗರ ದಾಟಿ ಬರುವುದಿಲ್ಲ.

ರೂಪಾಯಿ ಪಿಂಚಣಿಯ ಮೇಲೆ ಹೋಗುವವರಿಗೆ ದಾರಿ ಕಷ್ಟ. ಸ್ಪೇನ್‌ನ ವೀಸಾಕ್ಕೆ ಅಲ್ಲಿನ ಮಾನ್ಯತೆ ಪಡೆದ ಕಂಪನಿಯ ಪೂರ್ಣ ವಿಮೆ ಬೇಕು, ಕೈಯಿಂದ ಪಾಲು ಕೊಡುವ ಷರತ್ತು ಅದರಲ್ಲಿರಬಾರದು. ಎಪ್ಪತ್ತು, ಎಪ್ಪತ್ತೈದು ದಾಟಿದವರನ್ನು ಹಲವು ಕಂಪನಿಗಳು ಹೊಸದಾಗಿ ಸೇರಿಸಿಕೊಳ್ಳುವುದೇ ಇಲ್ಲ; ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿದ್ದರೆ ಚೌಕಾಶಿ ಇನ್ನೂ ಬಿಗಿ. ಒಂದು ವರ್ಷ ವಾಸವಾದ ಮೇಲೆ ಸ್ಪೇನ್ ಒಂದು ಒಳ್ಳೆಯ ಅವಕಾಶ ಕೊಡುತ್ತದೆ: 65ಕ್ಕಿಂತ ಕಡಿಮೆ ವಯಸ್ಸಿನವರು ತಿಂಗಳಿಗೆ 60 ಯೂರೋ, ಮೇಲಿನವರು 157 ಯೂರೋ ಕಟ್ಟಿ ಸರ್ಕಾರಿ ಆರೋಗ್ಯ ಸೇವೆಯನ್ನು ಪಡೆಯಬಹುದು. ಹಳೆಯ ಕಾಯಿಲೆಗಳನ್ನು ನೆಪವಾಗಿಸಿ ಅವರು ತಿರಸ್ಕರಿಸುವುದಿಲ್ಲ, ಆದರೆ ಔಷಧಿಗಳ ಪೂರ್ಣ ಬೆಲೆ ನಾವೇ ಕೊಡಬೇಕು. ನನ್ನ ಲೆಕ್ಕದಲ್ಲಿ ಮೂರು ದೇಶಗಳ ಪೈಕಿ ವಯಸ್ಸಾದ ಭಾರತೀಯನಿಗೆ ಇದಕ್ಕಿಂತ ನೆಮ್ಮದಿಯ ಏರ್ಪಾಡು ಇಲ್ಲ.

ಪೋರ್ಚುಗಲ್‌ನಲ್ಲಿ ವಾಸ ಪರವಾನಗಿ ಸಿಕ್ಕಿದ ಕೂಡಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಬಹುದು. ಹೆಸರು ಬರೆಸುವುದು ಬೇರೆ, ವೈದ್ಯರು ಸಿಗುವುದು ಬೇರೆ. ದೇಶದಲ್ಲಿ ಸುಮಾರು 15 ಲಕ್ಷ ಮಂದಿಗೆ ನಿಗದಿತ ಕುಟುಂಬ ವೈದ್ಯರಿಲ್ಲ, ಆ ಕೊರತೆ ಲಿಸ್ಬನ್ ಮತ್ತು ಅಲ್ಗಾರ್ವೆಗಳಲ್ಲೇ ಹೆಚ್ಚು. ಪರವಾನಗಿಯ ಮಾತೂ ಹಾಗೆಯೇ: 2023ರ ಅಕ್ಟೋಬರಿನಲ್ಲಿ ಹಳೆಯ ವಲಸೆ ಇಲಾಖೆಯನ್ನು ಮುಚ್ಚಿ ಹೊಸ ಸಂಸ್ಥೆಯನ್ನು ತೆರೆದಾಗ ಲಕ್ಷಗಟ್ಟಲೆ ಅರ್ಜಿಗಳು ಬಾಕಿ ಬಿದ್ದಿದ್ದವು. ಗ್ರೀಸ್‌ನಲ್ಲಿ ಖಾಸಗಿ ವಿಮೆಯನ್ನೇ ನೆಚ್ಚಿಕೊಳ್ಳಬೇಕು. ಅಥೆನ್ಸ್ ಬಿಟ್ಟರೆ ಇರಾಕ್ಲಿಯೋದ ವಿಶ್ವವಿದ್ಯಾಲಯ ಆಸ್ಪತ್ರೆಯಂಥ ಕೆಲವು ಕಡೆ ಮಾತ್ರ ದೊಡ್ಡ ಚಿಕಿತ್ಸೆಗಳು ಸಿಗುತ್ತವೆ.

ನಾಲಿಗೆಗೆ ಒಗ್ಗುವುದು

ಭಾಷೆಯಲ್ಲಿ ಪೋರ್ಚುಗೀಸ್ ನಮಗೆ ಪೂರ್ತಿ ಪರಕೀಯವಲ್ಲ. ಮೇಜು, ಅಲಮಾರು, ಚಾವಿ, ಬಟಾಟೆ, ಅನಾನಸು, ಪಾದ್ರಿ: ಇವೆಲ್ಲ ಅಲ್ಲಿಂದ ಬಂದವು, ಮತ್ತು ಲಿಸ್ಬನ್ನಿನ ಅಂಗಡಿಯಲ್ಲಿ ಇವನ್ನು ಸ್ವಲ್ಪವೇ ಸ್ವರ ತಿರುಗಿಸಿ ಹೇಳಿದರೆ ಅಂಗಡಿಯವನಿಗೆ ಅರ್ಥವಾಗುತ್ತದೆ. ಕರಾವಳಿಯವರಿಗೆ, ಅದರಲ್ಲೂ ಕೊಂಕಣಿ ಬಲ್ಲವರಿಗೆ, ಜನೇಲು, ಬಾಲ್ದಿಗಳೂ ಸೇರಿ ಶಬ್ದಭಂಡಾರ ಇನ್ನೂ ದೊಡ್ಡದು. ಬರೆದದ್ದನ್ನು ಓದುವುದು ಸುಲಭ, ಸ್ವರಗಳನ್ನು ನುಂಗಿ ಆಡುವ ಅವರ ಮಾತು ಕಿವಿಗೆ ಹಿಡಿಯುವುದು ಕಷ್ಟ. ಸ್ಪ್ಯಾನಿಷ್‌ನಲ್ಲಿ ಉಚ್ಚಾರ ಕನ್ನಡದಷ್ಟೇ ನೇರ. ಗ್ರೀಕಿಗೆ ಲಿಪಿಯೇ ಬೇರೆ.

ಊಟದಲ್ಲಿ ಸಸ್ಯಾಹಾರಿಗಳಿಗೆ ಗ್ರೀಸ್ ಮೊದಲ ಸ್ಥಾನ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಹಲವು ವ್ರತದ ಕಾಲಗಳಿವೆ, ಆಗ ಮಾಂಸ, ಹಾಲು, ಮೊಟ್ಟೆ ತಿನ್ನುವುದಿಲ್ಲ. ಆ ಅಡುಗೆಗೆ ‘ನಿಸ್ತೀಸಿಮೊ’ ಎನ್ನುತ್ತಾರೆ. ದೊಡ್ಡ ಬಿಳಿ ಅವರೆಯಂಥ ಕಾಳಿನ ಗೊಜ್ಜು, ಬೇಳೆ ಅರೆದ ಫಾವಾ, ಬೇಯಿಸಿದ ಕಾಡುಸೊಪ್ಪಿಗೆ ನಿಂಬೆಹಣ್ಣು ಹಿಂಡಿದ ಪಲ್ಯ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತವೆ. ಆದರೆ ಅವರ ವ್ರತದಲ್ಲಿ ಸಿಗಡಿ, ಆಕ್ಟೋಪಸ್‌ಗಳಿಗೆ ನಿಷೇಧವಿಲ್ಲ, ಅದನ್ನು ಕೇಳಿಯೇ ಬಡಿಸಿಕೊಳ್ಳಬೇಕು. ಸ್ಪೇನ್‌ನಲ್ಲಿ ಮಾಂಸ ಬೇಡವೆಂದರೆ ಟ್ಯೂನಾ ಮೀನು ಹಾಕಿದ ಸಲಾಡು ಬರುತ್ತದೆ. ಪೋರ್ಚುಗಲ್‌ನ ಹೋಟೆಲುಗಳಲ್ಲೂ ಮೀನು, ಮಾಂಸದ್ದೇ ರಾಜ್ಯ, ಆದರೆ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಕಂತೆ ಕಂತೆಯಾಗಿ ಸಿಗುತ್ತದೆ. ಯೂರೋಪಿನಲ್ಲಿ ಅದನ್ನು ನಮ್ಮಷ್ಟು ಪ್ರೀತಿಯಿಂದ ಅಡುಗೆಗೆ ಹಾಕುವ ಜನ ಬೇರೆ ಇಲ್ಲ. ಮನೆಯಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ಲಿಸ್ಬನ್ನಿನ ಮಾರ್ಟಿಂ ಮೊನಿಜ್ ಸುತ್ತಲಿನ ಅಂಗಡಿಗಳಲ್ಲಿ ಬೇಳೆ, ಹುಣಸೆಹಣ್ಣಿಗೆ ಕೊರತೆಯಿಲ್ಲ. ಮೊಜಾಂಬಿಕ್‌ನಿಂದ ಬಂದ ಗುಜರಾತಿಗಳು ಕಟ್ಟಿದ ರಾಧಾಕೃಷ್ಣ ದೇವಸ್ಥಾನವೂ ಲಿಸ್ಬನ್ನಿನಲ್ಲಿದೆ.

ಬಂದು ಹೋಗುವ ಲೆಕ್ಕ

ಐದು ವರ್ಷಗಳ ನಂತರ ಸಿಗುವ ಯೂರೋಪಿನ ದೀರ್ಘಾವಧಿ ನಿವಾಸದ ಹಕ್ಕಿಗೆ, ಆ ಐದು ವರ್ಷಗಳಲ್ಲಿ ಒಮ್ಮೆಗೆ ಆರು ತಿಂಗಳಿಗಿಂತ ಹೆಚ್ಚು, ಒಟ್ಟಾರೆ ಹತ್ತು ತಿಂಗಳಿಗಿಂತ ಹೆಚ್ಚು ಹೊರಗಿರಬಾರದು. ಪ್ರತಿ ಚಳಿಗಾಲವನ್ನೂ ಊರಿನಲ್ಲಿ ಕಳೆಯುತ್ತೇವೆ ಎನ್ನುವವರ ಲೆಕ್ಕ ಇಲ್ಲಿ ತಪ್ಪುತ್ತದೆ: ವರ್ಷಕ್ಕೆ ಎರಡು ತಿಂಗಳು, ಅಷ್ಟೇ. ಪೋರ್ಚುಗಲ್‌ನ ಮೊದಲ ಎರಡು ವರ್ಷದ ಪರವಾನಗಿಯಲ್ಲಿ ಸತತ ಆರು, ಒಟ್ಟು ಎಂಟು ತಿಂಗಳ ಗೈರುಹಾಜರಿಗೆ ಅವಕಾಶವಿದೆ, ಎಂದರೆ ಆರಂಭದಲ್ಲಿ ಅದು ಹೆಚ್ಚು ಸಡಿಲ. ಅಲ್ಲಿ ಐದು ವರ್ಷಕ್ಕೆ ಪೌರತ್ವ ಸಿಗುತ್ತದೆಂಬ ಹಳೆಯ ಮಾತನ್ನು ನಂಬಿಕೊಳ್ಳಬಾರದು. ಅದನ್ನು ಹತ್ತು ವರ್ಷಕ್ಕೆ ಏರಿಸಲು ಅಲ್ಲಿನ ಸಂಸತ್ತು 2025ರಲ್ಲಿ ಹೆಜ್ಜೆಯಿಟ್ಟಿತು. ಭಾರತ ಎರಡು ಪೌರತ್ವವನ್ನು ಒಪ್ಪದ ಕಾರಣ ಈ ವಯಸ್ಸಿನಲ್ಲಿ ಅದರ ಹಂಬಲವೂ ಬೇಕಿಲ್ಲವೆಂದು ನನ್ನ ಭಾವನೆ.

ಇಟಲಿಯ ದಕ್ಷಿಣ ಪ್ರಾಂತಗಳ ಸಣ್ಣ ಊರುಗಳಲ್ಲೂ ವಿದೇಶಿ ಪಿಂಚಣಿದಾರರಿಗೆ ಶೇ. 7ರ ತೆರಿಗೆಯಿದೆ, ಆದರೆ ವೀಸಾಕ್ಕೆ ಒಬ್ಬರಿಗೆ ವರ್ಷಕ್ಕೆ ಸುಮಾರು 31,000 ಯೂರೋ ತೋರಿಸಬೇಕು, ನಿರ್ಧಾರವೂ ಬಹುಮಟ್ಟಿಗೆ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಯಲಾರೆ, ಬಲಬದಿಯಲ್ಲಿ ಕಾರು ಓಡಿಸಲಾರೆ ಎನ್ನುವವರು ಮಾಲ್ಟಾ, ಸೈಪ್ರಸ್‌ಗಳನ್ನು ನೋಡಬಹುದು. ಅಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ.

ನನ್ನನ್ನು ಕೇಳಿದರೆ, ಯೂರೋ ಅಥವಾ ಪೌಂಡಿನ ಪಿಂಚಣಿಯ ಜೊತೆಗೆ ಊರಿನಲ್ಲೂ ಆಸ್ತಿಯಿರುವ ದಂಪತಿಗೆ ಆಂದಲೂಸಿಯಾದ ತೀರವನ್ನು ಹೇಳುತ್ತೇನೆ. ದೊಡ್ಡ ಖಾಸಗಿ ಪಿಂಚಣಿಯಿದ್ದು ಆರೋಗ್ಯ ಗಟ್ಟಿಯಾಗಿರುವ, ಅರವತ್ತರ ಆಸುಪಾಸಿನವರಿಗೆ ಕ್ರೀಟ್. ರೂಪಾಯಿ ಆದಾಯದವರಿಗೆ ಇರುವುದು ಪೋರ್ಚುಗಲ್ ಒಂದೇ. ಅದರಲ್ಲೂ ಅಲ್ಗಾರ್ವೆಯ ಫಾರೋ ನಗರದ ಪೂರ್ವಕ್ಕಿರುವ ಊರುಗಳು ಅಥವಾ ಲಿಸ್ಬನ್ನಿನ ದಕ್ಷಿಣದ ಸೆತೂಬಲ್. ಮನೆಯನ್ನು ಮೊದಲ ವರ್ಷ ಕೊಳ್ಳಬೇಡಿ. ಬಾಡಿಗೆ ಕರಾರು ಹನ್ನೆರಡು ತಿಂಗಳದ್ದೇ ಆಗಿರಲಿ, ಏಕೆಂದರೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಕಡಿಮೆ ಬಾಡಿಗೆಗೆ ಕೊಟ್ಟು, ಜೂನ್ ಬಂದೊಡನೆ ಪ್ರವಾಸಿಗರಿಗಾಗಿ ಖಾಲಿ ಮಾಡಿಸುವ ಪದ್ಧತಿ ಈ ತೀರಗಳಲ್ಲೆಲ್ಲ ಇದೆ.

ಕಾಗದಪತ್ರಗಳನ್ನು ಒಂದು ವರ್ಷ ಮೊದಲೇ ಶುರು ಮಾಡಬೇಕು. 1980ರ ದಶಕದಲ್ಲಿ ಛತ್ರದಲ್ಲಿ ಮದುವೆಯಾದ ನಮ್ಮಂಥವರ ಬಳಿ ಲಗ್ನಪತ್ರಿಕೆ ಇರುತ್ತದೆಯೇ ಹೊರತು ವಿವಾಹ ನೋಂದಣಿ ಪತ್ರ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಇನಿಷಿಯಲ್ಲು ಪಿಂಚಣಿ ಪುಸ್ತಕದಲ್ಲಿ ಒಂಟಿ ಅಕ್ಷರವಾಗಿ ಉಳಿದಿರುತ್ತದೆ, ಊರಿನ ಹೆಸರು ಅಲ್ಲಿನ ಅಧಿಕಾರಿಯ ಕಣ್ಣಿಗೆ ಕುಲನಾಮವಾಗಿ ಕಾಣುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರ, ವಿವಾಹ ನೋಂದಣಿ, ಪೊಲೀಸ್ ಪತ್ರ, ಇವೆಲ್ಲಕ್ಕೂ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಎಂದರೆ ಹೊರದೇಶಗಳು ಒಪ್ಪುವ ದೃಢೀಕರಣ, ಬೇಕು.

ಹೇಳಲು ಹಿಂಜರಿಯುವ, ಆದರೆ ಹೇಳಲೇಬೇಕಾದ ಒಂದು ವಿಷಯ ಉಳಿದಿದೆ. ಗ್ರೀಸ್‌ನಲ್ಲಿ ಮೊದಲ ಚಿತಾಗಾರ ತೆರೆದದ್ದು 2019ರಲ್ಲಿ, ಅಥೆನ್ಸಿನ ಉತ್ತರಕ್ಕಿರುವ ರಿತ್ಸೋನಾದಲ್ಲಿ. ಅಲ್ಲಿಯವರೆಗೆ ದಹನ ಬಯಸುವವರ ದೇಹವನ್ನು ನೆರೆಯ ಬಲ್ಗೇರಿಯಾಕ್ಕೆ ಒಯ್ಯುತ್ತಿದ್ದರು. ಕ್ರೀಟ್‌ನಿಂದ ರಿತ್ಸೋನಾ ತಲುಪಲು ಸಮುದ್ರ ದಾಟಬೇಕು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ದಹನ ಸಾಮಾನ್ಯ, ವ್ಯವಸ್ಥೆ ನಗರಗಳಲ್ಲೆಲ್ಲ ಇದೆ. 2015ರಿಂದ ಜಾರಿಯಲ್ಲಿರುವ ಯೂರೋಪಿನ ನಿಯಮದ ಪ್ರಕಾರ, ನಮ್ಮ ಆಸ್ತಿಯ ಹಂಚಿಕೆಗೆ ನಮ್ಮ ಪೌರತ್ವದ ದೇಶದ ಕಾನೂನೇ ಅನ್ವಯಿಸಲಿ ಎಂದು ಉಯಿಲಿನಲ್ಲಿ ಬರೆದಿಡಬಹುದು. ನಾವಿಬ್ಬರೂ ತವೀರಾದಿಂದ ಮರಳಿದ ತಿಂಗಳೇ ಆ ಸಾಲನ್ನು ಬರೆಸಿ ಮಗಳ ಕೈಗೆ ಒಂದು ಪ್ರತಿ ಕೊಟ್ಟೆವು, ಇನ್ನೊಂದನ್ನು ಮೈಸೂರಿನ ಬ್ಯಾಂಕ್ ಲಾಕರಿನಲ್ಲಿಟ್ಟೆವು.